ಮಕ್ಕಳ ಕ್ಲಬ್ಬಿನ ಮೈದಾನಕ್ಕೆ ಕೃತಕ ಹುಲ್ಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಬ್ಬಿನ ಸಭೆಯಲ್ಲಿ ಟರ್ಫ್ ಮಾತು ಎದ್ದ ಕೂಡಲೇ ಪ್ರಶ್ನೆಗಳ ಸಾಲೇ ಶುರುವಾಗುತ್ತದೆ. ಪೋಷಕರಿಗೆ ಮಕ್ಕಳ ಆರೋಗ್ಯದ ಚಿಂತೆ, ಕೋಚುಗಳಿಗೆ ಆಟದ ಚಿಂತೆ, ಖಜಾಂಚಿಗೆ ದುಡ್ಡಿನ ಚಿಂತೆ. ಮೂರೂ ನ್ಯಾಯವಾದವೇ. ಇಲ್ಲಿನ ಉತ್ತರಗಳು ಹೆಚ್ಚಾಗಿ ಫುಟ್‌ಬಾಲ್ ಮೈದಾನದ ಬಗ್ಗೆ ಇವೆ, ಯಾಕೆಂದರೆ ಯುವ ಕ್ಲಬ್ಬುಗಳು ಟರ್ಫ್ ಹಾಕಿಸುವುದು ಬಹುಪಾಲು ಅದಕ್ಕೇ. ಬೇರೆ ಆಟಗಳ ವಿಷಯ ಮುಂದೆ ಬರುತ್ತದೆ.

ನಮಗೆ ನಿಜವಾಗಿಯೂ ಟರ್ಫ್ ಬೇಕಾ?

ಮೊದಲು ಗಂಟೆ ಲೆಕ್ಕ ಹಾಕಿ. ಒಂದು ವಾರಕ್ಕೆ ಆ ಮೈದಾನದ ಮೇಲೆ ಎಷ್ಟು ಗಂಟೆ ಮಕ್ಕಳು ಓಡುತ್ತಾರೆ? ಮಣ್ಣಿನ ಮೇಲೆ ಬೆಳೆದ ಸಾಧಾರಣ ಹುಲ್ಲು ವಾರಕ್ಕೆ ಕೆಲವೇ ಗಂಟೆಗಳ ಆಟ ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಆಡಿದರೆ ಗೋಲಿನ ಮುಂದೆ, ನಡುಗೆರೆಯ ಹತ್ತಿರ ಬೋಳಾಗುತ್ತದೆ. ಮಳೆಗಾಲದಲ್ಲಿ ಇನ್ನೂ ಬೇಗ. ಟರ್ಫ್ ವಾರಕ್ಕೆ 40 ಗಂಟೆ ಆಡಿದರೂ ತಾಳಿಕೊಳ್ಳುತ್ತದೆ. ಟರ್ಫ್‌ನ ನಿಜವಾದ ಲಾಭ ಇದೊಂದೇ ಅಂತ ನನ್ನ ಅಭಿಪ್ರಾಯ. ಉಳಿದವೆಲ್ಲ ಇದರ ಹಿಂದೆ ಬರುವಂಥವು.

ನಿಮ್ಮಲ್ಲಿ ಹತ್ತು ಹದಿನೈದು ತಂಡಗಳಿದ್ದು, ಒಂದೇ ಮೈದಾನ ಇದ್ದರೆ ಟರ್ಫ್ ಯೋಚಿಸುವುದು ಸರಿ. ನಾಲ್ಕು ತಂಡ, ಎರಡು ಮೈದಾನ ಇದ್ದು, ಬರೀ ನೀರು ನಿಲ್ಲುವುದೇ ತೊಂದರೆಯಾಗಿದ್ದರೆ ಟರ್ಫ್ ಬೇಡ. ಗಟ್ಟಿಯಾದ ಮಣ್ಣನ್ನು ಸಡಿಲ ಮಾಡಿಸಿ, ಚರಂಡಿ ಪೈಪು ಹಾಕಿಸಿ, ಮೇಲೆ ಮರಳು ಹರಡಿಸಿ, ಅಭ್ಯಾಸದ ಗೋಲುಗಳನ್ನು ವಾರವಾರ ಬೇರೆ ಕಡೆ ಇಡಿ. ಒಂದು ಸೀಸನ್ ಹೀಗೆ ಮಾಡಿ ನೋಡಿದ ಮೇಲೆ ನಿರ್ಧರಿಸಿ. ಟರ್ಫ್‌ಗೆ ಹೋಲಿಸಿದರೆ ಇದಕ್ಕಾಗುವ ಖರ್ಚು ತುಂಬಾ ಕಡಿಮೆ.

ಕೃತಕ ಹುಲ್ಲು ಅಂದರೆ ಎಲ್ಲ ಒಂದೇನಾ?

ಅಲ್ಲ. "ಟರ್ಫ್ ಮೇಲೆ ಬಿದ್ದರೆ ಚರ್ಮ ಕಿತ್ತು ಬರುತ್ತೆ" ಅನ್ನುವ ಹಿರಿಯರು ಹೆಚ್ಚಾಗಿ ಹಳೆಯ ಬಗೆಯನ್ನು ನೆನಪಿಟ್ಟುಕೊಂಡು ಹೇಳುತ್ತಾರೆ. 1966ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್ ಒಳಾಂಗಣದಲ್ಲಿ ಹಾಸಿದ ಮೇಲೆ ಇದು ಹೆಸರಾಯಿತು. ಆಗಿನದು ಗಿಡ್ಡ ನೈಲಾನ್ ಎಳೆ, ಒಳಗೆ ಏನೂ ತುಂಬುತ್ತಿರಲಿಲ್ಲ. ಆಮೇಲೆ ಮರಳು ತುಂಬಿದ ಹಾಸು ಬಂತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಅಲ್ಲಿಂದಾಚೆ ಆ ಆಟದ ರೀತಿಯೇ ಬದಲಾಯಿತು.

ಈಗ ಫುಟ್‌ಬಾಲ್‌ಗೆ ಹಾಕುವುದು ಮೂರನೇ ತಲೆಮಾರಿನದು, ಮಾರುವವರ ಬಾಯಲ್ಲಿ ತ್ರೀಜಿ. 40ರಿಂದ 60 ಮಿಲಿಮೀಟರ್ ಉದ್ದದ ಮೆತ್ತಗಿನ ಪಾಲಿಥಿನ್ ಎಳೆಗಳು, ಬುಡದಲ್ಲಿ ಮರಳು, ಮೇಲೆ ರಬ್ಬರ್ ಚೂರು ಅಥವಾ ಬೇರೆ ಇನ್‌ಫಿಲ್, ಅಂದರೆ ಎಳೆಗಳ ನಡುವೆ ತುಂಬುವ ಸಾಮಾನು. 2004ರಲ್ಲಿ ಇದು ಫುಟ್‌ಬಾಲ್ ನಿಯಮಗಳಲ್ಲಿ ಜಾಗ ಪಡೆಯಿತು. 2015ರಲ್ಲಿ ಕೆನಡಾದಲ್ಲಿ ನಡೆದ ಮಹಿಳಾ ವಿಶ್ವಕಪ್ಪಿನ ಎಲ್ಲ ಪಂದ್ಯಗಳೂ ಟರ್ಫ್ ಮೇಲೇ ನಡೆದವು. ಅದನ್ನು ವಿರೋಧಿಸಿ ಆಟಗಾರ್ತಿಯರು ಮೊದಲೇ ಕಾನೂನು ದೂರು ಕೊಟ್ಟಿದ್ದರು ಅನ್ನುವುದೂ ಗೊತ್ತಿರಲಿ. ಒಳ್ಳೆಯ ಹುಲ್ಲು ಸಿಗುವ ಕಡೆ ಆಟಗಾರರು ಈಗಲೂ ಹುಲ್ಲನ್ನೇ ಕೇಳುತ್ತಾರೆ.

ಹಾಸಿನ ಅಡಿಯಲ್ಲಿ ಏನಿರುತ್ತದೆ? ಅದಕ್ಕೆ ಯಾಕೆ ಅಷ್ಟು ಖರ್ಚು?

ಕಮಿಟಿಯವರು ಸ್ಯಾಂಪಲ್ ತುಂಡು ಕೈಲಿ ಹಿಡಿದು, ಬಣ್ಣ ನೋಡಿ, ಮೆತ್ತಗಿದೆಯಾ ಅಂತ ಸವರಿ ನೋಡುತ್ತಾರೆ. ಆದರೆ ಮೈದಾನದ ಹಣೆಬರಹ ನಿರ್ಧಾರವಾಗುವುದು ಆ ತುಂಡಿನ ಕೆಳಗೆ.

ಮೊದಲು ಮೇಲ್ಮಣ್ಣು ತೆಗೆಯುತ್ತಾರೆ. ಕೆಳಗಿನ ನೆಲವನ್ನು ಮಟ್ಟ ಮಾಡಿ ರೋಲರ್ ಹೊಡೆಯುತ್ತಾರೆ. ತೂತುಗಳಿರುವ ಚರಂಡಿ ಪೈಪುಗಳನ್ನು ಕಾಲುವೆ ತೋಡಿ ಕೂರಿಸುತ್ತಾರೆ. ಮಣ್ಣು ಮೇಲೆ ಬರದ ಹಾಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸುತ್ತಾರೆ. ಅದರ ಮೇಲೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ. ಕೆಲವು ಕಡೆ ನೀರು ಇಳಿಯುವಂಥ ಡಾಂಬರಿನ ಪದರವೂ ಇರುತ್ತದೆ. ನಂತರ ಶಾಕ್ ಪ್ಯಾಡ್, ಅಂದರೆ ಬಿದ್ದ ಪೆಟ್ಟು ಹೀರುವ ಮೆತ್ತನೆಯ ಪದರ, ಕೊನೆಗೆ ಹಾಸು. ಜಲ್ಲಿಯ ದಪ್ಪ ಎಷ್ಟಿರಬೇಕು ಅನ್ನುವುದು ನಿಮ್ಮ ಮಣ್ಣನ್ನು ಪರೀಕ್ಷೆ ಮಾಡಿಸಿದ ಮೇಲೇ ಗೊತ್ತಾಗುವುದು. ಮಣ್ಣು ಪರೀಕ್ಷೆ ಮಾಡದೆ ಕೊಟೇಶನ್ ಕೊಡುವವರನ್ನು ಅಲ್ಲೇ ಕೈಬಿಡಿ. ಜೇಡಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಾಗಾದಾಗ ಮೇಲಿನ ಹಾಸು ಎಷ್ಟೇ ದುಬಾರಿಯದಾದರೂ ಅಲೆಅಲೆಯಾಗುತ್ತದೆ.

ಹಾಸುವ ಮುಂಚೆ ನೀವೇ ಹೋಗಿ ನೋಡಿ. ಮೂರು ಮೀಟರಿನ ನೇರ ಪಟ್ಟಿಯನ್ನು ನೆಲದ ಮೇಲಿಟ್ಟು ಕೆಳಗೆ ಎಷ್ಟು ಸಂದಿ ಕಾಣುತ್ತದೆ ಅಂತ ಅಳೆಯಿರಿ. ಮುಗಿದ ಮೈದಾನದಲ್ಲಿ ಅದು 10 ಮಿಲಿಮೀಟರ್ ದಾಟಬಾರದು. ತಳದಲ್ಲೇ ಅದಕ್ಕಿಂತ ಜಾಸ್ತಿ ಇದ್ದರೆ ಹಾಸಿನಿಂದ ಸರಿಹೋಗುವುದಿಲ್ಲ. ನಾಲ್ಕೈದು ಕಡೆ ಒಂದೊಂದು ಬಕೆಟ್ ನೀರು ಸುರಿಯಿರಿ. ನಿಮ್ಮ ಕಣ್ಣೆದುರೇ ಇಂಗಿಹೋಗಬೇಕು. ಸುರಿದ ನೀರು ಮಡುವಾಗಿ ನಿಂತರೆ ಕೆಲಸ ನಿಲ್ಲಿಸಿ ಕೇಳುವ ಹಕ್ಕು ನಿಮಗಿದೆ. ಹಾಸು ಅಂಟಿಸಿದ ಮೇಲೆ ಆ ಮಾತು ಎತ್ತಿ ಪ್ರಯೋಜನ ಇಲ್ಲ.

ತಳ ಚೆನ್ನಾಗಿದ್ದರೆ ಎರಡು ಮೂರು ಹಾಸುಗಳ ಕಾಲ ಬಾಳುತ್ತದೆ. ಆದ್ದರಿಂದ ದುಡ್ಡು ಸಾಲದು ಅಂತಾದರೆ ಹಾಸಿನ ದರ್ಜೆಯಲ್ಲಿ ಸ್ವಲ್ಪ ಇಳಿಯಿರಿ, ತಳದಲ್ಲಿ ಮಾತ್ರ ಇಳಿಯಬೇಡಿ.

ಬಿಸಿಲಿಗೆ ತುಂಬಾ ಕಾಯುತ್ತದಂತೆ, ನಿಜವಾ?

ನಿಜ. ಮಕ್ಕಳ ಕ್ಲಬ್ಬಿಗೆ ನಾನು ಎಲ್ಲಕ್ಕಿಂತ ಮುಂದೆ ಇಡುವ ವಿಷಯ ಇದು. ಜೀವಂತ ಹುಲ್ಲು ನೀರನ್ನು ಆವಿಯಾಗಿ ಬಿಟ್ಟು ತನ್ನನ್ನು ತಂಪಾಗಿ ಇಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ಶಕ್ತಿ ಇಲ್ಲ. ಬಿರುಬಿಸಿಲಿನ ಮಧ್ಯಾಹ್ನ ಟರ್ಫ್‌ನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವೇನಲ್ಲ. ಕಪ್ಪು ರಬ್ಬರ್ ಇದ್ದರೆ ಇನ್ನೂ ಜಾಸ್ತಿ. ಚಿಕ್ಕ ಮಕ್ಕಳ ಮೈ ನೆಲಕ್ಕೆ ಹತ್ತಿರ ಇರುತ್ತದೆ. ಬೀಳುವುದು, ಕೂರುವುದು, ಮಲಗುವುದು ಅವರೇ ಜಾಸ್ತಿ.

ನೀರು ಚಿಮುಕಿಸಿದರೆ ತಕ್ಷಣ ತಣ್ಣಗಾಗುತ್ತದೆ. ಆದರೆ ಬಿಸಿಲು ಜೋರಾಗಿದ್ದರೆ ಒಂದು ಪಂದ್ಯ ಮುಗಿಯುವಷ್ಟರಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ತಿಳಿ ಬಣ್ಣದ ಇನ್‌ಫಿಲ್, ತೇವ ಹಿಡಿದುಕೊಳ್ಳುವ ಕಾರ್ಕ್ ಅಥವಾ ತೆಂಗಿನ ನಾರಿನ ಇನ್‌ಫಿಲ್ ಒಂದಿಷ್ಟು ಕಡಿಮೆ ಮಾಡುತ್ತವೆ. ಪೂರ್ತಿ ಪರಿಹಾರ ಯಾವುದೂ ಅಲ್ಲ.

ಹಾಗಾಗಿ ನಿಯಮ ಬರೆದಿಡಿ. ಮೈದಾನದ ಬಾಗಿಲಲ್ಲೇ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇರಲಿ. ಅದು ಇಲ್ಲದಿದ್ದರೆ ಕೋಚ್ ತಮ್ಮ ಮುಂಗೈಯ ಹಿಂಭಾಗವನ್ನು ಐದಾರು ಸೆಕೆಂಡ್ ಹಾಸಿನ ಮೇಲೆ ಇಟ್ಟು ನೋಡಲಿ. ತಡೆಯಲಾಗದಿದ್ದರೆ ಅಭ್ಯಾಸ ಮುಂದಕ್ಕೆ ಹೋಗಲಿ. ಆಟ ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲಿ ಸ್ಪಷ್ಟವಾಗಿ ಇರಬೇಕು. "ಪಂದ್ಯ ಫಿಕ್ಸ್ ಆಗಿದೆ, ಆಡಿಬಿಡೋಣ" ಅನ್ನುವ ಒತ್ತಡ ಬಂದೇ ಬರುತ್ತದೆ. ಪ್ಲಾನ್ ಮಾಡುವಾಗಲೇ ಬದಿಯಲ್ಲಿ ನೆರಳು, ಕುಡಿಯುವ ನೀರಿನ ನಲ್ಲಿ, ನೀರು ಚಿಮುಕಿಸುವ ವ್ಯವಸ್ಥೆ ಮೂರನ್ನೂ ಸೇರಿಸಿ.

ಆ ಕಪ್ಪು ರಬ್ಬರ್ ಚೂರುಗಳು ಮಕ್ಕಳಿಗೆ ಅಪಾಯವಾ?

ಅವು ಹಳೆಯ ವಾಹನ ಟೈರುಗಳನ್ನು ಪುಡಿ ಮಾಡಿ ಮಾಡಿದವು. ಟೈರಿನಲ್ಲಿ ಪಿಎಎಚ್ ಎಂಬ ರಾಸಾಯನಿಕಗಳು, ಸತು ಮತ್ತು ಇತರ ಲೋಹಗಳು ಇರುತ್ತವೆ. ಇವು ಒಳಗಿರುವುದು ಖಚಿತ. ಮಕ್ಕಳ ಮೈಗೆ ಎಷ್ಟು ಸೇರುತ್ತದೆ ಅನ್ನುವುದು ಬೇರೆ ಪ್ರಶ್ನೆ. ಯುರೋಪಿನ ರಾಸಾಯನಿಕ ಸಂಸ್ಥೆ 2017ರಲ್ಲಿ ಪರಿಶೀಲಿಸಿ, ಆತಂಕದ ಮಟ್ಟ ತುಂಬಾ ಕಡಿಮೆ ಅಂತ ಹೇಳಿತು. ಅಮೆರಿಕದ ಸರ್ಕಾರಿ ಸಂಸ್ಥೆಗಳು 2019 ಮತ್ತು 2024ರಲ್ಲಿ ಪ್ರಕಟಿಸಿದ ವರದಿಗಳೂ, ರಾಸಾಯನಿಕಗಳು ಇದ್ದರೂ ಮೈದಾನ ಬಳಸುವವರಿಗೆ ತಗಲುವ ಪ್ರಮಾಣ ಸೀಮಿತ ಎಂದವು. ಆದರೂ ಯುರೋಪಿಯನ್ ಒಕ್ಕೂಟ 2022ರಿಂದ ಇನ್‌ಫಿಲ್‌ನಲ್ಲಿ ಎಂಟು ಬಗೆಯ ಪಿಎಎಚ್ ಒಟ್ಟು ಕೆಜಿಗೆ 20 ಮಿಲಿಗ್ರಾಂ ಮೀರಬಾರದು ಅಂತ ಮಿತಿ ಹಾಕಿದೆ.

ಇದನ್ನು ಓದಿ ನಿರಾಳವಾಗುವವರೂ ಇದ್ದಾರೆ, ಆಗದವರೂ ಇದ್ದಾರೆ. ಪೋಷಕರ ಆತಂಕವನ್ನು ಕಮಿಟಿಯವರು ತಳ್ಳಿಹಾಕಬಾರದು. ರಬ್ಬರ್ ಹಾಕುವುದೇ ಆದರೆ ಬ್ಯಾಚಿನ ಲ್ಯಾಬ್ ರಿಪೋರ್ಟ್ ಪಡೆದು ನೋಟಿಸ್ ಬೋರ್ಡಿಗೆ ಹಾಕಿ. ಹಾಸಿನ ಎಳೆಯಲ್ಲಿ ಪಿಎಫ್ಎಎಸ್ (ಬೇಗ ನಾಶವಾಗದ ಒಂದು ಬಗೆಯ ರಾಸಾಯನಿಕಗಳು) ಮತ್ತು ಸೀಸ ಇಲ್ಲ ಅಂತ ಬರಹದಲ್ಲಿ ಕೇಳಿ. ಆಟ ಮುಗಿದ ಮೇಲೆ ಕೈ ತೊಳೆಯುವುದು, ಟರ್ಫ್ ಮೇಲೆ ತಿಂಡಿ ತಿನ್ನದಿರುವುದು ಅಭ್ಯಾಸವಾಗಲಿ. ತೆವಳುವ ಮಗುವನ್ನು ಅಲ್ಲಿ ಆಟಕ್ಕೆ ಬಿಡಬೇಡಿ. ಅಷ್ಟು ಚಿಕ್ಕ ಮಕ್ಕಳು ಏನು ಸಿಕ್ಕರೂ ಬಾಯಿಗೆ ಹಾಕಿಕೊಳ್ಳುತ್ತಾರೆ ಅಲ್ವಾ.

ಹಾಗಾದರೆ ಯಾವ ಇನ್‌ಫಿಲ್ ಹಾಕಿಸಬೇಕು?

ಇಲ್ಲಿ ಆರೋಗ್ಯದ ಜೊತೆ ಪರಿಸರದ ವಿಷಯವೂ ಇದೆ. ಪೂರ್ಣ ಅಳತೆಯ ಒಂದು ಮೈದಾನಕ್ಕೆ ಸುಮಾರು 100 ಟನ್ ರಬ್ಬರ್ ಬೇಕಾಗುತ್ತದೆ. ಅದರಲ್ಲಿ ಒಂದಿಷ್ಟು ಪ್ರತಿ ವರ್ಷ ಶೂಗಳಲ್ಲಿ, ಸಾಕ್ಸ್‌ಗಳಲ್ಲಿ, ಮಳೆನೀರಿನಲ್ಲಿ ಹೊರಗೆ ಹೋಗುತ್ತದೆ. ಟರ್ಫ್ ಮೇಲೆ ಆಡಿ ಬಂದ ಮಗುವಿನ ಶೂ ಬಗ್ಗಿಸಿ ಕೊಡವಿದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುತ್ತದೆ: ಮನೆ ಬಾಗಿಲು, ಬಚ್ಚಲು, ಅಲ್ಲಿಂದ ಚರಂಡಿ. ಇದೇ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2023ರಲ್ಲಿ ಮೈಕ್ರೋಪ್ಲಾಸ್ಟಿಕ್ ನಿಯಮ ತಂದಿತು. ಅದರ ಪ್ರಕಾರ 2031ರ ಅಕ್ಟೋಬರ್ ನಂತರ ಅಲ್ಲಿ ರಬ್ಬರ್, ಪ್ಲಾಸ್ಟಿಕ್ ಇನ್‌ಫಿಲ್ ಮಾರುವಂತಿಲ್ಲ. ನೀವು ಆ ದೇಶಗಳಲ್ಲಿ ಇಲ್ಲದಿದ್ದರೂ ಇದು ನಿಮಗೆ ತಟ್ಟುತ್ತದೆ. ತಯಾರಕರು ತಮ್ಮ ಸಾಮಾನನ್ನೇ ಬದಲಾಯಿಸುತ್ತಿದ್ದಾರೆ.

ಕಾರ್ಕ್ ಹಗುರ, ತಂಪು. ಆದರೆ ಜೋರು ಮಳೆಗೆ ತೇಲುತ್ತದೆ, ತಿಕ್ಕಾಟಕ್ಕೆ ಪುಡಿಯಾಗುತ್ತದೆ. ತೆಂಗಿನ ನಾರು ತೇವ ಇರುವವರೆಗೆ ಒಳ್ಳೆಯದು. ಒಣಗಿದರೆ ಧೂಳು. ಹಾಗಾಗಿ ನೀರು ಹಾಕುವ ಅನುಕೂಲ ಇದ್ದರೆ ಮಾತ್ರ. ಬರೀ ಮರಳು ಅಥವಾ ಇನ್‌ಫಿಲ್ಲೇ ಇಲ್ಲದ ದಟ್ಟ ಎಳೆಯ ಹಾಸುಗಳೂ ಬಂದಿವೆ. ಇವಕ್ಕೆ ಒಳ್ಳೆಯ ಶಾಕ್ ಪ್ಯಾಡ್ ಇರಲೇಬೇಕು. ಹೊಸದಾಗಿ ಹಾಕಿಸುವ ಮಕ್ಕಳ ಮೈದಾನಕ್ಕೆ ನನ್ನ ಆಯ್ಕೆ ಶಾಕ್ ಪ್ಯಾಡ್ ಮತ್ತು ಸಾವಯವ ಇನ್‌ಫಿಲ್. ನಿರ್ವಹಣೆ ಸ್ವಲ್ಪ ಜಾಸ್ತಿ ಬೇಡುತ್ತದೆ, ಮಾಡಬೇಕು.

ಯಾವುದೇ ಹಾಕಿಸಿದರೂ ಸುತ್ತ ಗಿಡ್ಡ ಕಟ್ಟೆ, ಬಾಗಿಲಲ್ಲಿ ಶೂ ಉಜ್ಜುವ ಬ್ರಷ್ಷು, ಚರಂಡಿ ಬಾಯಿಗೆ ಜಾಲರಿ ಹಾಕಿಸಿ.

ಗಾಯ ಜಾಸ್ತಿ ಆಗುತ್ತಾ?

ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. ಪಾದ ಮತ್ತು ಕಣಕಾಲಿನ ಗಾಯ ಟರ್ಫ್ ಮೇಲೆ ಜಾಸ್ತಿ ಅಂತ ಹಲವು ಅಧ್ಯಯನಗಳು ತೋರಿಸಿವೆ. ಹೆಚ್ಚಿನ ವ್ಯತ್ಯಾಸ ಇಲ್ಲ ಅಂದವೂ ಇವೆ. ಶೂ ಹಾಸಿಗೆ ಕಚ್ಚಿಕೊಂಡು, ಮೈ ತಿರುಗಿದರೂ ಪಾದ ತಿರುಗದಿದ್ದಾಗ ಮೊಣಕಾಲಿಗೆ ಪೆಟ್ಟು ಬೀಳುತ್ತದೆ. ಅದಕ್ಕೇ ಸರಿಯಾದ ಶೂ ಮುಖ್ಯ. ತರಚು ಗಾಯವನ್ನು ಸಣ್ಣದು ಅಂತ ಬಿಡದೆ ಅಲ್ಲೇ ತೊಳೆದು ಮುಚ್ಚಬೇಕು. ಸೋಂಕು ಹತ್ತುವುದು ಅಂಥ ಗಾಯಗಳಿಗೇ. ಹಾಸು ಹಳತಾಗಿ ಗಟ್ಟಿಯಾದ ಮೈದಾನದಲ್ಲಿ ತಲೆ ನೆಲಕ್ಕೆ ಬಡಿದರೆ ಅಪಾಯ ಜಾಸ್ತಿ. ಇದು ನಿರ್ವಹಣೆಯ ಮಾತು, ಮುಂದೆ ಬರುತ್ತದೆ.

ಒಂದು ಎಚ್ಚರಿಕೆ. ಎತ್ತಿಡುವ ಗೋಲ್ ಪೋಸ್ಟುಗಳು ಮಗುಚಿ ಬಿದ್ದು ಮಕ್ಕಳು ಸತ್ತಿರುವ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ. ಹುಲ್ಲಿನ ಮೈದಾನದಲ್ಲಿ ಗೂಟ ಹೊಡೆದು ನಿಲ್ಲಿಸುತ್ತೀರಿ. ಟರ್ಫ್‌ನಲ್ಲಿ ಗೂಟ ಹೊಡೆಯುವಂತಿಲ್ಲ. ಹಿಂದಿನ ಪಟ್ಟಿಗೆ ತೂಕ ಕೂರಿಸಿದ ಗೋಲುಗಳನ್ನೇ ಕೊಳ್ಳಿ. ಅಭ್ಯಾಸ ಮುಗಿದ ಮೇಲೆ ಬೇಲಿಗೆ ಸರಪಳಿ ಹಾಕಿ ಬೀಗ ಹಾಕಿ. ಈ ಬಾಬ್ತಿನಲ್ಲಿ ಉಳಿತಾಯ ಬೇಡವೇ ಬೇಡ.

ಮಕ್ಕಳು ಯಾವ ಶೂ ಹಾಕಬೇಕು?

ಕೃತಕ ಹಾಸಿಗೆಂದೇ ಮಾಡಿದ, ಅಡಿಯಲ್ಲಿ ಗಿಡ್ಡ ದುಂಡು ಸ್ಟಡ್‌ಗಳು, ಅಂದರೆ ಗುಬ್ಬಿಗಳು, ಇರುವ ಶೂ. ಲೋಹದ ಸ್ಟಡ್, ಬ್ಲೇಡಿನಂಥ ಉದ್ದನೆ ಸ್ಟಡ್ ಬೇಡ. ಓಟದ ಚಪ್ಪಟೆ ಶೂಗಳು ಎಳೆಯನ್ನು ಮಲಗಿಸಿಬಿಡುತ್ತವೆ. ಕೆಸರು ಮೆತ್ತಿದ ಶೂ ಯಾವುದಾದರೂ ಬಾಗಿಲ ಹೊರಗೇ.

ಟರ್ಫ್‌ಗೆ ಮೇಂಟೆನೆನ್ಸ್ ಬೇಡ ಅಂತಾರಲ್ಲ?

ಹಾಗೆ ಹೇಳುವವರ ಹತ್ತಿರ ಹಾಸು ಕೊಳ್ಳಬೇಡಿ. ಹುಲ್ಲು ಕತ್ತರಿಸುವುದು, ಗೊಬ್ಬರ, ಗೆರೆ ಎಳೆಯುವುದು ಇಲ್ಲ, ಅಷ್ಟೇ. ಬದಲಿಗೆ ಬ್ರಷ್ ಬರುತ್ತದೆ. ಮೈದಾನ ದಿನಾ ಬಳಕೆಯಲ್ಲಿದ್ದರೆ ವಾರಕ್ಕೊಮ್ಮೆಯಾದರೂ ಸಣ್ಣ ಟ್ರ್ಯಾಕ್ಟರಿಗೆ ಬ್ರಷ್ ಕಟ್ಟಿ ಎಳೆಯಬೇಕು. ಪ್ರತಿ ಸಲವೂ ದಿಕ್ಕು ಬದಲಿಸಬೇಕು. ಎಳೆ ಎದ್ದು ನಿಲ್ಲಲು, ಇನ್‌ಫಿಲ್ ಸಮನಾಗಿ ಹರಡಲು ಇದು ಬೇಕೇ ಬೇಕು.

ಪೆನಾಲ್ಟಿ ಜಾಗ, ಗೋಲಿನ ಬಾಯಿ, ಕಾರ್ನರ್ ಈ ಮೂರು ಕಡೆ ಪ್ರತಿ ಪಂದ್ಯದ ನಂತರ ನೋಡಿ. ಪೆನಾಲ್ಟಿ ಗುರುತಿನ ಹತ್ತಿರ ಮಂಡಿಯೂರಿ ಎಳೆಗಳನ್ನು ಬೆರಳಲ್ಲಿ ಬಿಡಿಸಿದರೆ ವಿಷಯ ಗೊತ್ತಾಗುತ್ತದೆ. ಚೆನ್ನಾಗಿರುವ ಜಾಗದಲ್ಲಿ ಇನ್‌ಫಿಲ್ಲಿನ ಮೇಲೆ ಎಳೆಯ ತುದಿ ಒಂದೂವರೆ ಎರಡು ಸೆಂಟಿಮೀಟರ್ ಮಾತ್ರ ಕಾಣುತ್ತದೆ. ಮಕ್ಕಳು ಒದ್ದು ಒದ್ದು ಇನ್‌ಫಿಲ್ ಚೆಲ್ಲಿಹೋದ ಕಡೆ ಬೆರಳಿಗೆ ಗಟ್ಟಿ ಮರಳು ಸಿಗುತ್ತದೆ. ಆಸರೆ ಇಲ್ಲದ ಎಳೆ ಉದ್ದಕ್ಕೆ ಮಲಗಿರುತ್ತದೆ, ತುದಿ ಸೀಳಿರುತ್ತದೆ. ಅಲ್ಲಿ ಒಂದು ಚೀಲ ಇನ್‌ಫಿಲ್ ಸುರಿದು, ಕೈಬ್ರಷ್ಷಿನಿಂದ ಒಳಗೆ ಇಳಿಸುವುದು ಹತ್ತು ನಿಮಿಷದ ಕೆಲಸ. ಬಿಟ್ಟರೆ ಒಂದೇ ಸೀಸನ್ನಿನಲ್ಲಿ ಆ ಜಾಗ ಬೋಳಾಗುತ್ತದೆ, ತುಂಡು ಕತ್ತರಿಸಿ ಹೊಸದು ಕೂರಿಸಬೇಕಾಗುತ್ತದೆ.

ವರ್ಷಕ್ಕೆ ಒಂದೆರಡು ಸಲ ಕಂಪನಿಯವರನ್ನು ಕರೆಸಿ ಗಟ್ಟಿಯಾದ ಇನ್‌ಫಿಲ್ ಸಡಿಲ ಮಾಡಿಸಿ, ಆಳವಾಗಿ ಸ್ವಚ್ಛ ಮಾಡಿಸಿ. ಜೋಡಣೆ ಬಿಟ್ಟಿದೆಯಾ ಅಂತ ನೋಡಿಸಿ. ಮರದೆಲೆಗಳನ್ನು ಕೊಳೆಯಲು ಬಿಡಬೇಡಿ, ಪಾಚಿ ಕಟ್ಟುತ್ತದೆ. ಇದನ್ನೆಲ್ಲ ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ನಾಳೆ ವಾರಂಟಿ ಕೇಳಲು ಹೋದಾಗ ಕಂಪನಿಯವರು ಮೊದಲು ಕೇಳುವುದು ಆ ಪುಸ್ತಕವನ್ನೇ. ಮತ್ತೆ, ಈ ಕೆಲಸ ಯಾರದು ಅಂತ ಹೆಸರು ಹಾಕಿ ಗೊತ್ತುಮಾಡಿ. "ಎಲ್ಲರೂ ನೋಡಿಕೊಳ್ಳುತ್ತಾರೆ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಎಷ್ಟು ವರ್ಷ ಬಾಳುತ್ತದೆ? ದುಡ್ಡು ಹೇಗೆ ಹೊಂದಿಸುವುದು?

ಹಾಸು ಸಾಮಾನ್ಯವಾಗಿ 8ರಿಂದ 12 ವರ್ಷ. ದೇಣಿಗೆ, ಅನುದಾನ ಸೇರಿಸಿ ಮೊದಲ ಹಾಸು ಹಾಕಿಸುವುದು ಕಷ್ಟವಾದರೂ ಆಗಿಬಿಡುತ್ತದೆ. ಹೊಸ ಮೈದಾನಕ್ಕೆ ಕೊಡುವ ಉತ್ಸಾಹ ಜನರಲ್ಲಿ ಇರುತ್ತದೆ. ಎರಡನೇ ಹಾಸಿಗೆ ಕೊಡುವವರು ಕಡಿಮೆ. ಆದ್ದರಿಂದ ಮೊದಲ ವರ್ಷದಿಂದಲೇ ಬೇರೆ ಖಾತೆ ತೆರೆದು, ಹೊಸ ಹಾಸಿನ ಅಂದಾಜು ಬೆಲೆಯ ಹತ್ತರಲ್ಲೊಂದು ಪಾಲನ್ನು ವರ್ಷಕ್ಕೆ ಇಡಿ. ಬೆಲೆ ಏರುವುದಕ್ಕೆ ಇನ್ನಷ್ಟು ಸೇರಿಸಿ. ಹಳೆಯದನ್ನು ತೆಗೆಸುವ ಖರ್ಚನ್ನೂ ಮರೆಯಬೇಡಿ. ಆ ಖಾತೆಯನ್ನು ಪ್ರವಾಸಕ್ಕೋ ಜೆರ್ಸಿಗೋ ಮುಟ್ಟದ ಹಾಗೆ ಕ್ಲಬ್ಬಿನ ನಿಯಮದಲ್ಲೇ ಬರೆಯಿರಿ.

ಖಾಲಿ ಗಂಟೆಗಳನ್ನು ಬಾಡಿಗೆಗೆ ಕೊಟ್ಟು ಈ ಖಾತೆ ತುಂಬಿಸುವ ಕ್ಲಬ್ಬುಗಳು ತುಂಬಾ ಇವೆ. ಅದು ಒಳ್ಳೆಯದೇ. ಆದರೆ ಬಾಡಿಗೆಯವರು ಸಂಜೆಯ ಹೊತ್ತನ್ನೇ ಕೇಳುತ್ತಾರೆ, ಮಕ್ಕಳ ಅಭ್ಯಾಸದ ಹೊತ್ತೂ ಅದೇ. ಮಕ್ಕಳ ಹೊತ್ತನ್ನು ಮೊದಲು ಬರೆದು, ಉಳಿದದ್ದನ್ನು ಮಾತ್ರ ಬಾಡಿಗೆಗೆ ಕೊಡಿ. ಮೈದಾನ ಮಾಡಿಸಿದ್ದು ಮಕ್ಕಳಿಗೆ.

ಒಂದೇ ಮೈದಾನದಲ್ಲಿ ಹಾಕಿ, ರಗ್ಬಿ, ಕ್ರಿಕೆಟ್ ಎಲ್ಲ ಆಡಬಹುದಾ?

ಹಾಕಿಗೆ ಚೆಂಡು ನುಣ್ಣಗೆ ಉರುಳಬೇಕು, ಅದಕ್ಕೆ ಗಿಡ್ಡ ದಟ್ಟ ಹಾಸು. ಫುಟ್‌ಬಾಲ್‌ಗೆ ಉದ್ದ ಎಳೆ. ಎರಡನ್ನೂ ಒಂದರಲ್ಲೇ ಮಾಡಲು ಹೋದರೆ ಎರಡಕ್ಕೂ ಅರೆಬರೆ. ರಗ್ಬಿಗೆ ಇನ್ನೂ ಉದ್ದ ಎಳೆ, ಕೆಳಗೆ ಶಾಕ್ ಪ್ಯಾಡ್, ತಲೆಪೆಟ್ಟಿನ ಬೇರೆ ಪರೀಕ್ಷೆ ಬೇಕು. ರಗ್ಬಿಗೆ ಸರಿಯಾದದ್ದರ ಮೇಲೆ ಫುಟ್‌ಬಾಲ್ ಆಡಬಹುದು. ಕ್ರಿಕೆಟ್ಟಿಗೆ ಪಿಚ್ ಬೇರೆಯೇ ಇರಲಿ. ಜಾವೆಲಿನ್, ಗುಂಡು ಎಸೆತ ಬೇಡ.

ಅಳತೆ ಮತ್ತು ಗೆರೆಗಳ ಬಗ್ಗೆ ಏನು ಗಮನಿಸಬೇಕು?

ಪೂರ್ಣ ಅಳತೆ 105 × 68 ಮೀಟರ್. ಸುತ್ತ ಕನಿಷ್ಠ 3 ಮೀಟರ್ ಹಾಸು ಜಾಸ್ತಿ ಇರಲಿ, ಓಡಿ ಬಂದ ಮಗು ಬೇಲಿಗೆ ಬಡಿಯಬಾರದು. ಕಿರಿಯರ ತಂಡಗಳೇ ಜಾಸ್ತಿ ಇದ್ದರೆ ಅಡ್ಡಲಾಗಿ ಎರಡು ಚಿಕ್ಕ ಮೈದಾನಗಳ ಗೆರೆಯನ್ನು ಬೇರೆ ಬಣ್ಣದಲ್ಲಿ ಹಾಸಿನಲ್ಲೇ ಕೂರಿಸಬಹುದು. ಮೂರಕ್ಕಿಂತ ಹೆಚ್ಚು ಬಣ್ಣ ಬೇಡ, ಮಕ್ಕಳಿಗೆ ಗೊಂದಲ.

ಸರ್ಟಿಫಿಕೇಟ್ ಬೇಕಾ?

ನಿಮ್ಮ ಲೀಗ್ ಕೇಳಿದರೆ ಬೇಕು, ಮೊದಲು ಅವರನ್ನೇ ವಿಚಾರಿಸಿ. ಫಿಫಾದ ದರ್ಜೆಗಳಲ್ಲಿ ಮುಖ್ಯವಾದವು ಎರಡು. ಫಿಫಾ ಕ್ವಾಲಿಟಿ ಪ್ರೋ ದೊಡ್ಡ ಪಂದ್ಯಗಳಿಗೆ. ಫಿಫಾ ಕ್ವಾಲಿಟಿ ಹೆಚ್ಚು ಗಂಟೆ ಬಳಸುವ ಸಮುದಾಯದ ಮೈದಾನಗಳಿಗೆ. ಮಕ್ಕಳ ಕ್ಲಬ್ಬಿಗೆ ಎರಡನೆಯದು ಸಾಕು. ಅದರಲ್ಲಿ ಎರಡು ಮೀಟರ್ ಎತ್ತರದಿಂದ ಬಿಟ್ಟ ಚೆಂಡು 60 ಸೆಂಟಿಮೀಟರಿನಿಂದ ಒಂದು ಮೀಟರ್ ಒಳಗೆ ಪುಟಿಯಬೇಕು. ಇದನ್ನು ನೀವೇ ಆಗಾಗ ನೋಡಬಹುದು. ಚೆಂಡು ವರ್ಷದಿಂದ ವರ್ಷಕ್ಕೆ ಹೆಚ್ಚು ಪುಟಿಯುತ್ತಿದ್ದರೆ ನೆಲ ಗಟ್ಟಿಯಾಗುತ್ತಿದೆ ಅಂತ ಅರ್ಥ.

ಮುಖ್ಯ ಮಾತು: ಲ್ಯಾಬಿನಲ್ಲಿ ಆ ಹಾಸು ಪಾಸಾಗಿದೆ ಅನ್ನುವುದು ಬೇರೆ, ನಿಮ್ಮ ಮೈದಾನ ಪಾಸಾಗಿದೆ ಅನ್ನುವುದು ಬೇರೆ. ಕೊನೆಯ ಕಂತು ಕೊಡುವ ಮುಂಚೆ ಕಂಟ್ರಾಕ್ಟರಿಗೆ ಸಂಬಂಧ ಇಲ್ಲದ ಲ್ಯಾಬಿನಿಂದ ಸ್ಥಳದಲ್ಲೇ ಪರೀಕ್ಷೆ ಮಾಡಿಸಿ.

ಫ್ಲಡ್‌ಲೈಟ್ ಹಾಕಿದರೆ ಅಕ್ಕಪಕ್ಕದವರು ಒಪ್ಪುತ್ತಾರಾ?

ಮೊದಲೇ ಹೋಗಿ ಕೇಳಿದರೆ ಬಹಳಷ್ಟು ಕಡೆ ಒಪ್ಪುತ್ತಾರೆ. ದೀಪ ಮೈದಾನದ ಒಳಗೇ ಬೀಳುವ ಹಾಗೆ ತಿರುಗಿಸಿ, ರಾತ್ರಿ ಎಷ್ಟು ಗಂಟೆಗೆ ಆರುತ್ತದೆ ಅಂತ ಬರೆದುಕೊಡಿ. ಲೈಟು ಇಲ್ಲದಿದ್ದರೆ ಟರ್ಫ್‌ನ ಅರ್ಧ ಗಂಟೆಗಳು ಸುಮ್ನೆ ಹೋಗುತ್ತವೆ. ಈಗ ದುಡ್ಡಿಲ್ಲದಿದ್ದರೂ ಕೇಬಲ್ ಪೈಪುಗಳನ್ನು ಮಾತ್ರ ಈಗಲೇ ನೆಲದಡಿ ಹಾಕಿಸಿಡಿ.

ಹಳೆಯ ಹಾಸನ್ನು ಏನು ಮಾಡುವುದು?

ಹಾಸು, ಮರಳು, ಇನ್‌ಫಿಲ್ ಎಲ್ಲ ಸೇರಿ ಒಂದು ಪೂರ್ಣ ಮೈದಾನದಿಂದ 200 ಟನ್ನಿಗೂ ಹೆಚ್ಚು ಸಾಮಾನು ಹೊರಬೀಳುತ್ತದೆ. ಮರಳು ಮತ್ತು ಇನ್‌ಫಿಲ್ ಬೇರೆ ಮಾಡಿ ಮತ್ತೆ ಬಳಸಬಹುದು. ಎಳೆ, ಹಿಂಬದಿ, ಅಂಟು ಕೂಡಿರುವ ಹಾಸನ್ನು ಮರುಬಳಕೆ ಮಾಡುವ ಕಾರ್ಖಾನೆಗಳು ಕಡಿಮೆ. ಎಷ್ಟೋ ಕಡೆ ಸುರುಳಿ ಸುತ್ತಿ ಯಾವುದೋ ಬಯಲಲ್ಲಿ ಎಸೆದು ಹೋಗುತ್ತಾರೆ. ಹಾಗಾಗಿ ಮೊದಲ ಒಪ್ಪಂದದಲ್ಲೇ ಬರೆಸಿ: ಬಾಳಿಕೆ ಮುಗಿದ ಮೇಲೆ ಯಾರು ತೆಗೆಯುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ, ಒಯ್ದದ್ದಕ್ಕೆ ತೂಕದ ರಸೀದಿ ಕೊಡುತ್ತಾರಾ. ಒಳ್ಳೆಯ ಸ್ಥಿತಿಯಲ್ಲಿರುವ ತುಂಡುಗಳನ್ನು ವಾರ್ಮ್ ಅಪ್ ಜಾಗಕ್ಕೆ ಇಟ್ಟುಕೊಳ್ಳಬಹುದು. ಆದರೆ ಎಳೆ ಉದುರಲು ಶುರುವಾದ ಹಾಸನ್ನು ಯಾರಿಗೂ ದಾನ ಕೊಡಬೇಡಿ. ಆ ಉದುರುವ ಪ್ಲಾಸ್ಟಿಕ್ ಅವರ ಮಣ್ಣಿಗೆ ಸೇರುತ್ತದೆ.